ದ್ವೀಪವಾಸಿಗಳೂ ಪ್ರತ್ಯೇಕವಾಸದ ನಿಯಮಗಳೂ

ನಮ್ಮ ಪಡುವಣ ಸಮುದ್ರದಲ್ಲಿ, ಕೊಚ್ಚಿ ಪಟ್ಟಣದಿಂದ 220 ಮೊದಲುಗೊಂಡು 440 ಕಿಲೋಮೀಟರುಗಳ ದೂರದಲ್ಲಿ, ಲಕ್ಷದ್ವೀಪಗಳೆಂಬ ಸಣ್ಣ ಸಣ್ಣ ಹವಳದ ದ್ವೀಪಗಳುಂಟು. ಹೆಸರಿನಲ್ಲಿ ಲಕ್ಷವಿದ್ದರೂ ಸರಕಾರದ ಲೆಕ್ಕದಲ್ಲಿ ಅವು 36 ಮಾತ್ರ. ಅವುಗಳೊಳಗೆ ಜನರು ಮನೆ ಮಾಡಿಕೊಂಡಿರುವಂಥವು ಹತ್ತು. ಎಲ್ಲವುಗಳ ನೆಲವನ್ನು ಕೂಡಿಸಿದರೂ 32 ಚದರ ಕಿಲೋಮೀಟರು. 2011ನೆಯ ಇಸವಿಯ ಜನಗಣತಿಯಂತೆ ನಿವಾಸಿಗಳ ಸಂಖ್ಯೆ 64,473. ಬಿತ್ರ ಎಂಬ ದ್ವೀಪದಲ್ಲಿ ಆ ವರ್ಷ ಎಣಿಕೆಗೆ ಬಂದವರು 271 ಮಂದಿ; ನಮ್ಮ ಶಾಲೆಯ ಬೆಳಗಿನ ಕೂಟದಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳು ಸಾಲಾಗಿ ನಿಲ್ಲುತ್ತಾರೆ.

ಈ ದ್ವೀಪಗಳು ಕನ್ನಡ ಕರಾವಳಿಯವರಿಗೆ ತೀರ ಅಪರಿಚಿತವಾದವುಗಳಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು 1787ರಲ್ಲಿ ಕಣ್ಣಾನೂರಿನ ಬೀಬಿಯ ಕೈಯಿಂದ ಟಿಪ್ಪೂ ಸುಲ್ತಾನನಿಗೆ ಸೇರಿ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷ್ ಕಂಪೆನಿಯವರ ವಶವಾದವು. ಅಂದಿನಿಂದ 1956ನೆಯ ಇಸವಿಯ ವರೆಗೆ ಅವು ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಈಗಲೂ ಮಳೆಗಾಲ ಕಳೆದ ಮೇಲೆ ನಮ್ಮ ಹಳೆ ಬಂದರಿನಿಂದ ಸರಕು ತುಂಬಿದ ಮಂಜಿಗಳು ಆ ಕಡೆಗೆ ಹೊರಡುವುದನ್ನು ನೋಡಬಹುದು.

ಇಂಥ ದ್ವೀಪಗಳಿಗೆ ಮಹಾಮಾರಿಯ ಕಾಲದಲ್ಲಿ ಯಾರು ಹೋಗಬಹುದು, ಯಾರು ಹೋಗಬಾರದು, ಹೋಗುವವರು ಎಷ್ಟು ದಿನ ಎಲ್ಲಿ ಕಾದಿರಬೇಕು ಎಂಬ ನಿಯಮಗಳ ಕುರಿತು ಈ ಸಂಚಿಕೆಯಲ್ಲಿ ಬರೆಯುವುದೇಕೆಂದು ಕೆಲವರು ಕೇಳಾರು. ಕೋವಿಡ್ ಎಂಬ ವ್ಯಾಧಿ ಹರಡಿದ 2020 ಮತ್ತು 2021ನೆಯ ಇಸವಿಗಳಲ್ಲಿ ಕ್ವಾರಂಟೀನ್ ಎಂಬ ಶಬ್ದವು ನಮ್ಮ ಅಡಿಗೆಮನೆಗಳ ತನಕ ಬಂತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ದಾದಿಯರಾಗಿ ಆ ದಿನಗಳ ಕಷ್ಟವನ್ನು ಮೈಯಲ್ಲೇ ಅನುಭವಿಸಿದರು. ತಂದೆತಾಯಿಗಳು ಮಕ್ಕಳನ್ನು ಪರಸ್ಥಳದಿಂದ ಕರತರುವುದಕ್ಕೆ ಪಟ್ಟ ಪಾಡು ಅವರಿಗೇ ಗೊತ್ತು. ಆದರೆ ನಿಯಮವನ್ನು ಪಾಲಿಸಿದವರೊಳಗೆ ಅದರ ಕಾರಣವನ್ನು ಕೇಳಿ ತಿಳಿದವರು ಸ್ವಲ್ಪ ಮಂದಿ. ಏಳು ದಿನವೇಕೆ? ಹದಿನಾಲ್ಕು ದಿನವೇಕೆ? ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಕಂಡ ಮೇಲೂ ಕಾಯಬೇಕಾದದ್ದೇಕೆ? ದೊಡ್ಡ ಪಟ್ಟಣಗಳಲ್ಲಿ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯುವುದು ಕಷ್ಟ, ಯಾಕಂದರೆ ಅಲ್ಲಿ ರೋಗವು ಯಾವ ಬಾಗಿಲಿನಿಂದ ಬಂತೆಂದು ಹೇಳುವಂತಿಲ್ಲ. ದ್ವೀಪಕ್ಕಾದರೋ ಬಾಗಿಲು ಒಂದೇ, ಬಂದ ಹಡಗಿನ ದಿನವೂ ಎಲ್ಲರಿಗೂ ಗೊತ್ತು. ಆದಕಾರಣ ಈ ವಿಷಯವನ್ನು ಅಲ್ಲಿಂದಲೇ ಕಲಿಯುವುದು ಸುಲಭ.

ಮೊದಲು ಶಬ್ದದ ಮಾತು. ಏಡ್ರಿಯಾಟಿಕ್ ಸಮುದ್ರದ ದಡದಲ್ಲಿದ್ದ ರಗೂಸವೆಂಬ ವ್ಯಾಪಾರದ ಪಟ್ಟಣದವರು 1377ರಲ್ಲಿ ಒಂದು ಕಟ್ಟಳೆ ಮಾಡಿದರು. ಪ್ಲೇಗು ಇರುವ ಸೀಮೆಯಿಂದ ಬರುವವರು ಪಟ್ಟಣದೊಳಗೆ ಕಾಲಿಡುವ ಮೊದಲು ಸಮೀಪದ ಒಂದು ಪುಟ್ಟ ದ್ವೀಪದಲ್ಲಾಗಲಿ ಗೊತ್ತುಮಾಡಿದ ಬೇರೊಂದು ಊರಿನಲ್ಲಾಗಲಿ ಮೂವತ್ತು ದಿನ ತಂಗಿರಬೇಕೆಂಬುದೇ ಅದು. ಮುಂದೆ ಮೂವತ್ತು ನಾಲ್ವತ್ತಾಯಿತು. ಇಟಲಿಯವರ ಭಾಷೆಯಲ್ಲಿ ನಾಲ್ವತ್ತಕ್ಕೆ ಕ್ವಾರಾಂತ ಎನ್ನುವುದರಿಂದ ಕ್ವಾರಂಟೀನ್ ಎಂಬ ಹೆಸರು ನಿಂತಿತು. ನಾವು ಈ ಲೇಖನದಲ್ಲಿ ಪ್ರತ್ಯೇಕವಾಸವೆನ್ನುವೆವು. ಅಲ್ಲಿ ಪಟ್ಟಣವನ್ನು ಉಳಿಸುವುದಕ್ಕಾಗಿ ದ್ವೀಪವನ್ನು ತಂಗುದಾಣ ಮಾಡಿದರು. ನಾವು ಹೇಳಹೊರಟಿರುವ ಸಂಗತಿಯಲ್ಲಿ ಇದು ತಲೆಕೆಳಗಾಗಿದೆ: ದ್ವೀಪವನ್ನು ಉಳಿಸುವುದಕ್ಕಾಗಿ ದೊಡ್ಡ ಪಟ್ಟಣವೇ ತಂಗುದಾಣವಾಯಿತು.

ಇಷ್ಟು ದಿನವೆಂಬ ಎಣಿಕೆ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಲು ವಾಚಕರನ್ನು ಬಡಗಣ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಗೆ ಕರೆದುಕೊಂಡು ಹೋಗಬೇಕಾಗಿದೆ. 1846ರ ವಸಂತಕಾಲದಲ್ಲಿ ಡೆನ್ಮಾರ್ಕ್ ದೇಶದಿಂದ ಬಂದ ಒಬ್ಬ ಬಡಗಿಯಿಂದ ಆ ದ್ವೀಪಗಳಿಗೆ ದಡಾರವು ಹತ್ತಿತು. ಅಲ್ಲಿದ್ದ 7,782 ಮಂದಿಯೊಳಗೆ ಆರು ಸಾವಿರಕ್ಕೂ ಹೆಚ್ಚು ಮಂದಿ ಕೆಲವೇ ತಿಂಗಳೊಳಗೆ ಹಾಸಿಗೆ ಹಿಡಿದರು. ನಮ್ಮಲ್ಲಿ ದಡಾರವೆಂದರೆ ಮಕ್ಕಳ ರೋಗ. ಅಲ್ಲಿ ತಂದೆ, ತಾಯಿ, ಅಜ್ಜ ಎಲ್ಲರೂ ಒಟ್ಟಿಗೆ ಮಲಗಿದ್ದರಿಂದ ಒಲೆ ಹಚ್ಚುವವರೂ ನೀರು ಕೊಡುವವರೂ ಇಲ್ಲದೆ ಹೋದರು. ದ್ವೀಪದ ಅಪಾಯದ ಮರ್ಮವಿದೇ. ಅದಕ್ಕೆ ಮುಂಚೆ ಆ ರೋಗವು ಅಲ್ಲಿಗೆ ಬಂದದ್ದು 1781ರಲ್ಲಿ. ನಡುವಣ ಅರುವತ್ತೈದು ವರ್ಷಗಳಲ್ಲಿ ಹುಟ್ಟಿದ ಯಾರ ಮೈಗೂ ಅದರ ಪರಿಚಯವಿರಲಿಲ್ಲ. 1781ರಲ್ಲಿ ನರಳಿ ಬದುಕಿದ್ದ ಮುದುಕರೊಳಗೆ ಒಬ್ಬರಿಗೂ ಅದು ಮರಳಿ ತಗಲಲಿಲ್ಲ.

ಇದನ್ನೆಲ್ಲಾ ಬರೆದಿಟ್ಟವನು ಪೀಟರ್ ಲೂಡ್ವಿಗ್ ಪಾನೂಮ್ ಎಂಬ ಡೇನಿಷ್ ವೈದ್ಯ. ಸರಕಾರವು ಅವನನ್ನು ಅಲ್ಲಿಗೆ ಕಳುಹಿಸಿದಾಗ ಅವನಿನ್ನೂ ಇಪ್ಪತ್ತೈದು ವರ್ಷದ ಪ್ರಾಯದವನು. ಅವನು ಹಳ್ಳಿಯಿಂದ ಹಳ್ಳಿಗೆ ದೋಣಿಯಲ್ಲಿ ಹೋಗಿ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದನು: ಹೊರಗಿನವರು ಇಲ್ಲಿಗೆ ಬಂದದ್ದು ಯಾವ ದಿನ, ಮೈಯಲ್ಲಿ ಕೆಂಪು ಗುಳ್ಳೆಗಳು ಎದ್ದದ್ದು ಯಾವ ದಿನ? ಒಂದು ಹಳ್ಳಿಯಿಂದ ಹತ್ತು ಮಂದಿ ಗಂಡಸರು ಜೂನ್ 4ರಂದು ತಿಮಿಂಗಿಲದ ಬೇಟೆಗಾಗಿ ಬೇರೊಂದು ಊರಿಗೆ ಹೋಗಿ ಬಂದಿದ್ದರು. ಜೂನ್ 18ರಂದು ಆ ಹತ್ತು ಮಂದಿಗೂ ಒಟ್ಟಿಗೆ ಗುಳ್ಳೆಗಳೆದ್ದವು. ನಡುವಣ ದಿನಗಳಲ್ಲಿ ಅವರು ಉಂಡರು, ದುಡಿದರು, ಆರೋಗ್ಯವಂತರೆಂದೇ ಎಣಿಸಿಕೊಂಡಿದ್ದರು. ಸೋಂಕು ತಗಲುವುದಕ್ಕೂ ರೋಗವು ಕಾಣಿಸುವುದಕ್ಕೂ ನಡುವೆ ಇಂಥ ಮೌನದ ದಿನಗಳುಂಟೆಂದೂ ಅವುಗಳನ್ನು ಎಣಿಸಬಹುದೆಂದೂ ಅವನು ಸ್ಪಷ್ಟವಾಗಿ ತೋರಿಸಿಕೊಟ್ಟನು. ದಡಾರಕ್ಕೆ ಆ ದಿನಗಳು ಹದಿಮೂರು ಹದಿನಾಲ್ಕು. ಪ್ರತ್ಯೇಕವಾಸದ ಅವಧಿಯೆಂಬುದು ಈ ಮೌನದ ದಿನಗಳ ಅಳತೆಯೇ ಹೊರತು ಅಧಿಕಾರಿಗಳ ಇಚ್ಛೆಯಲ್ಲ. ಹೊರಗಿನವರನ್ನು ಒಳಗೆ ಬಿಡದೆ ಇದ್ದ ಕೆಲವು ಹಳ್ಳಿಗಳು ಆ ವರ್ಷ ಪೂರ್ತಿಯಾಗಿ ಉಳಿದವೆಂಬುದನ್ನೂ ಪಾನೂಮನು ಬರೆದಿದ್ದಾನೆ.

ನಿಯಮವಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೆಸಿಫಿಕ್ ಸಾಗರದ ಸಾಮೋವ ದ್ವೀಪಗಳಷ್ಟು ನಿಚ್ಚಳವಾದ ಸಾಕ್ಷಿ ಮತ್ತೆಲ್ಲಿಯೂ ಇಲ್ಲ. 1918ರಲ್ಲಿ ಇನ್‌ಫ್ಲುಯೆಂಜ ಎಂಬ ವಿಷಮ ಶೀತಜ್ವರವು ಲೋಕವನ್ನೆಲ್ಲಾ ಸುತ್ತಿತು. ಆಗ ಸಾಮೋವವು ಎರಡು ಆಡಳಿತಗಳ ಕೈಯಲ್ಲಿತ್ತು. ಪಡುವಣ ಭಾಗವನ್ನು ನ್ಯೂಜಿಲೆಂಡಿನ ಸೈನ್ಯದವರೂ ಮೂಡಣ ಭಾಗವನ್ನು ಅಮೇರಿಕದ ನೌಕಾಪಡೆಯವರೂ ಆಳುತ್ತಿದ್ದರು. ಎರಡಕ್ಕೂ ನಡುವೆ ದೋಣಿಯಲ್ಲಿ ದಾಟಬಹುದಾದ ಸಮುದ್ರ. ಒಂದೇ ಜನ, ಒಂದೇ ಭಾಷೆ. ಇತ್ತಿನವರ ನೆಂಟರು ಅತ್ತ.

ತಲೂನೆ ಎಂಬ ಹೊಗೆಹಡಗು ಅಕ್ಟೋಬರ್ 30ರಂದು ಆಕ್ಲೆಂಡಿನಿಂದ ಹೊರಟು, ಫಿಜಿ ದ್ವೀಪಗಳನ್ನು ಮುಟ್ಟಿ, ನವೆಂಬರ್ 7ರಂದು ಪಡುವಣ ಸಾಮೋವದ ಆಪಿಯ ಬಂದರಿಗೆ ಬಂತು. ಆಕ್ಲೆಂಡಿನಲ್ಲಿ ಆಗಲೇ ಜ್ವರವು ಬಲವಾಗಿತ್ತು, ಹಡಗಿನಲ್ಲಿಯೂ ಜ್ವರದವರಿದ್ದರು. ಫಿಜಿಯಲ್ಲಿ ಆ ಹಡಗಿಗೆ ತಡೆಯಿತ್ತೆಂಬ ಸಂಗತಿಯನ್ನು ಆಪಿಯದ ಬಂದರಿನವರಿಗೆ ತಿಳಿಸಲಿಲ್ಲ. ಪ್ರಯಾಣಿಕರನ್ನು ಇಳಿಯಗೊಟ್ಟರು. ಸುಮಾರು ಎರಡು ತಿಂಗಳೊಳಗೆ ಪಡುವಣ ಸಾಮೋವದಲ್ಲಿ ಹತ್ತಿರ ಹತ್ತಿರ 8,500 ಮಂದಿ ಸತ್ತರು; ಐದು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚೆಂದು ತಿಳಿಯತಕ್ಕದ್ದು. ಮಕ್ಕಳಿಗಿಂತ ಪ್ರಾಯಸ್ಥರೇ ಹೆಚ್ಚಾಗಿ ಸತ್ತದ್ದರಿಂದ ತೋಟಗಳನ್ನು ನೋಡುವವರೂ ಸತ್ತವರನ್ನು ಹೂಳುವವರೂ ಇಲ್ಲವಾದರು. ಆಪಿಯದ ಬಳಿ ಪಾಪೌಟ ಎಂಬಲ್ಲಿ ಮಿಶನಿನವರದೊಂದು ಬಾಲಿಕಾ ಶಾಲೆಯಿತ್ತು. ಜ್ವರದಿಂದ ಬಿದ್ದಿದ್ದ ಹುಡುಗಿಯರಿಗೆ ಆಹಾರ ಬೇಕೆಂದು ಕೇಳಿದ ಅದರ ಮುಖ್ಯೋಪಾಧ್ಯಾಯಿನಿಗೆ ಆಡಳಿತಾಧಿಕಾರಿಯಾಗಿದ್ದ ಕರ್ನಲ್ ರಾಬರ್ಟ್ ಲೋಗನ್ ಎಂಬವನು ಮನುಷ್ಯನಾದವನು ಆಡಬಾರದಂಥ ಮಾತನ್ನು ಆಡಿದನೆಂದು 1919ರ ವಿಚಾರಣಾ ಮಂಡಲಿಯ ಮುಂದೆ ಸಾಕ್ಷ್ಯ ಬಂತು. ಆ ಮಾತನ್ನು ನಾವು ಇಲ್ಲಿ ಬರೆಯಲಾರೆವು.

ಮೂಡಣ ಸಾಮೋವದ ಗವರ್ನರನಾಗಿದ್ದ ಜಾನ್ ಮಾರ್ಟಿನ್ ಪೋಯರನಿಗೆ ಜ್ವರದ ಸುದ್ದಿಯು ತಂತಿಯಿಲ್ಲದ ತಂತಿವರ್ತಮಾನದ ಮೂಲಕ ತಿಳಿಯಿತು. ಅವನು ಬರುವ ಹಡಗುಗಳನ್ನು ಪ್ರತ್ಯೇಕವಾಸದಲ್ಲಿ ನಿಲ್ಲಿಸಿದನು. ಆದರೆ ದೊಡ್ಡ ಹಡಗನ್ನು ತಡೆದರೆ ಸಾಲದು. ನೆಂಟರನ್ನು ನೋಡಲು ರಾತ್ರಿಯಲ್ಲಿ ಸಣ್ಣ ದೋಣಿಗಳಲ್ಲಿ ಬರುವವರನ್ನು ತಡೆಯುವವರು ಯಾರು? ಈ ಕೆಲಸವನ್ನು ಊರವರೇ ವಹಿಸಿಕೊಂಡರು. ಹಳ್ಳಿಯವರು ದಡದುದ್ದಕ್ಕೂ ಕಾವಲು ನಿಂತು ಪಡುವಣ ಕಡೆಯ ದೋಣಿಗಳನ್ನು ಹಿಂದಕ್ಕೆ ಕಳುಹಿಸಿದರು. ಬಂದ ದೋಣಿಯಲ್ಲಿ ಸ್ವಂತ ಅಣ್ಣನೋ ಅತ್ತೆಯೋ ಇದ್ದಿರಬಹುದೆಂದು ನೆನಸಿದರೆ ಈ ಕಾವಲಿನ ಭಾರ ಎಂಥದೆಂಬುದು ತಿಳಿಯುತ್ತದೆ. ಮೂಡಣ ಸಾಮೋವದಲ್ಲಿ ಆ ಜ್ವರದಿಂದ ಒಬ್ಬರೂ ಸಾಯಲಿಲ್ಲ. ವೈದ್ಯರನ್ನು ಕಳುಹಿಸುವೆವೆಂದು ಪೋಯರನು ಪಡುವಣ ಕಡೆಗೆ ತಿಳಿಸಿದ್ದೂ ಉಂಟು; ಆ ಸಹಾಯವನ್ನು ಅತ್ತಿನವರು ತೆಗೆದುಕೊಳ್ಳಲಿಲ್ಲ. ಎಂಭತ್ತನಾಲ್ಕು ವರ್ಷಗಳಾದ ಮೇಲೆ, 2002ರಲ್ಲಿ, ನ್ಯೂಜಿಲೆಂಡಿನ ಪ್ರಧಾನಮಂತ್ರಿ ಹೆಲೆನ್ ಕ್ಲಾರ್ಕ್ ಆಪಿಯಕ್ಕೆ ಹೋಗಿ ಸಾಮೋವದ ಜನರಲ್ಲಿ ಕ್ಷಮೆ ಕೇಳಿದರು.

ಇನ್ನು ನಮ್ಮ ನೆರೆಯ ಲಕ್ಷದ್ವೀಪಕ್ಕೆ ಮರಳುವ. ಅಲ್ಲಿಗೆ ಹೋಗುವವರು ಪ್ರವೇಶಪತ್ರವನ್ನು ಪಡೆಯಬೇಕೆಂಬ ನಿಯಮವು ಮಹಾಮಾರಿಗೆ ಮುಂಚಿನದೇ; 1967ರಲ್ಲಿ ಮಾಡಿದ್ದು, ದ್ವೀಪವಾಸಿಗಳ ನೆಲವನ್ನೂ ನಡೆನುಡಿಯನ್ನೂ ಕಾಪಾಡುವ ಉದ್ದೇಶದ್ದು. ಆದಕಾರಣ 2020ರಲ್ಲಿ ಬಾಗಿಲನ್ನು ಹೊಸದಾಗಿ ಮಾಡಬೇಕಾಗಿರಲಿಲ್ಲ. ಇದ್ದ ಬಾಗಿಲನ್ನು ಮುಚ್ಚಿದರೆ ಸಾಕಾಗಿತ್ತು. ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲನೆಯ ಕೋವಿಡ್ ರೋಗಿಯು ಕಂಡುಬಂದ ಮೇಲೆ, ಮಾರ್ಚ್ ತಿಂಗಳಲ್ಲಿ ಪ್ರವಾಸಿಗಳ ಪ್ರವೇಶವು ನಿಂತಿತು. ಆದರೆ ದ್ವೀಪದವರೇ ಹೊರಗಿದ್ದರಲ್ಲ! ಕೊಚ್ಚಿ, ಕೋಳಿಕ್ಕೋಡು ಮೊದಲಾದ ಊರುಗಳ ಕಾಲೇಜುಗಳಲ್ಲಿ ಓದುವ ಮಕ್ಕಳು, ಚಿಕಿತ್ಸೆಗಾಗಿ ಬಂದ ರೋಗಿಗಳು, ಅವರ ಜೊತೆಯವರು, ಹೆರಿಗೆಗೆಂದು ಬಂದ ತಾಯಂದಿರು, ಇವರನ್ನು ಮನೆಗೆ ಮುಟ್ಟಿಸಲೇಬೇಕಾಗಿತ್ತು. ಇವರಿಗಾಗಿ ಮಾಡಿದ ನಿಯಮವು ಹೀಗಿತ್ತು: ಹಡಗು ಹತ್ತುವ ಮೊದಲು ಕೊಚ್ಚಿಯಲ್ಲಿಯೇ ಗೊತ್ತುಮಾಡಿದ ಸ್ಥಳದಲ್ಲಿ ಏಳು ದಿನ ಪ್ರತ್ಯೇಕವಾಗಿರಬೇಕು, ಆಮೇಲೆ ಪರೀಕ್ಷೆ, ಅದರಲ್ಲಿ ಸೋಂಕಿಲ್ಲವೆಂದು ಕಂಡರೆ ಮಾತ್ರ ಹಡಗು, ದ್ವೀಪಕ್ಕೆ ಮುಟ್ಟಿದ ಮೇಲೆ ಪುನಃ ಹದಿನಾಲ್ಕು ದಿನ ಮನೆಯೊಳಗೆ ಬೇರೆಯಾಗಿರಬೇಕು.

ಈ ಅನುಕ್ರಮವನ್ನು ಗಮನಿಸಬೇಕು, ಯಾಕಂದರೆ ನಿಯಮದ ಬಲವೆಲ್ಲಾ ಅದರಲ್ಲಿಯೇ ಉಂಟು. ಮೊದಲು ಕಾಯುವುದು, ಆಮೇಲೆ ಪರೀಕ್ಷೆ. ಕೋವಿಡಿನ ಮೌನದ ದಿನಗಳು ಸಾಮಾನ್ಯವಾಗಿ ಐದಾರು. ಅಪರೂಪವಾಗಿ ಹದಿನಾಲ್ಕರ ತನಕ ಹೋಗುತ್ತವೆ. ಮೂಗಿನಿಂದಲೂ ಗಂಟಲಿನಿಂದಲೂ ದ್ರವವನ್ನು ತೆಗೆದು ಮಾಡುವ ಆರ್.ಟಿ.ಪಿ.ಸಿ.ಆರ್. ಎಂಬ ಪರೀಕ್ಷೆಯು ಬಹು ಸೂಕ್ಷ್ಮವಾದದ್ದೇ ಸರಿ. ಆದರೆ ಅದು ಇಲ್ಲದ್ದನ್ನು ಕಾಣಲಾರದು. ನಿನ್ನೆ ಸಂಜೆ ಸೋಂಕು ತಗಲಿದವನ ಮೂಗಿನಲ್ಲಿ ಇಂದು ರೋಗಾಣುಗಳು ಎಣಿಕೆಗೆ ಸಿಕ್ಕುವಷ್ಟು ಬೆಳೆದಿರುವುದಿಲ್ಲ. ಅವನ ಕೈಯಲ್ಲಿರುವ ಕಾಗದವು ಸುಳ್ಳಲ್ಲ, ಆದರೆ ಅದು ಆ ಹೊತ್ತಿನ ಮಾತು ಮಾತ್ರ. ನಾಳೆಯ ಕುರಿತಾಗಲಿ ನಾಡದು ಹಡಗಿನಲ್ಲಿ ಆಗುವ ಸಂಗತಿಯ ಕುರಿತಾಗಲಿ ಅದರಲ್ಲಿ ಏನೂ ಬರೆದಿಲ್ಲ. ಬಿತ್ತಿದ ಮರುದಿನ ಗದ್ದೆಗೆ ಹೋಗಿ ಮೊಳಕೆಯಿಲ್ಲವೆಂದು ಬರೆದುಕೊಂಡು ಬಂದರೆ ಆ ಬರಹವೂ ಸುಳ್ಳಲ್ಲವಷ್ಟೆ. ಏಳು ದಿನ ಕಾದ ಮೇಲೆ ಮಾಡುವ ಪರೀಕ್ಷೆಯಾದರೋ ಮೊಳಕೆಯೊಡೆಯುವುದಕ್ಕೆ ಸಮಯ ಕೊಟ್ಟು ಮಾಡುವಂಥದು. ಅದರಿಂದಲೂ ತಪ್ಪಿಸಿಕೊಂಡವರನ್ನು ಹಿಡಿಯುವುದಕ್ಕೆ ದ್ವೀಪದಲ್ಲಿ ಹದಿನಾಲ್ಕು ದಿನಗಳ ಎರಡನೆಯ ಬೇಲಿ.

ಬೇಲಿಯು ಸಮುದ್ರದ ಇತ್ತಕಡೆಯಲ್ಲಿ ಇರಬೇಕಾದದ್ದೇಕೆಂಬುದಕ್ಕೆ ಇನ್ನೊಂದು ಕಾರಣವುಂಟು. ಕವರತ್ತಿ, ಅಗತ್ತಿ, ಮಿನಿಕಾಯಿ ದ್ವೀಪಗಳಲ್ಲಿ ಆಸ್ಪತ್ರೆಗಳಿದ್ದರೂ ಕಠಿನವಾದ ರೋಗಕ್ಕೆ ಕೊಚ್ಚಿಯೇ ಗತಿ. ಅಂಥ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕು; ಮಳೆಗಾಲದ ಮೋಡ ಮುಸುಕಿದರೆ ಅದೂ ಹಾರದು. ದೊಡ್ಡ ಊರಿನಲ್ಲಿ ಒಂದೇ ದಿನ ನೂರು ಮಂದಿಗೆ ಉಸಿರಾಟದ ಕಷ್ಟ ಬಂದರೆ ಅದು ದುಃಖದ ಸಂಗತಿ. ಹತ್ತು ಹದಿನೈದು ಮಂದಿಗೆ ಬಂದರೂ ಒಂದು ದ್ವೀಪಕ್ಕೆ ಅದು ದಾಟಲಾರದ ಹೊಳೆ.

ನಿಯಮದಿಂದ ಫಲವಾಯಿತೋ? ಆಯಿತು. 2020ನೆಯ ಇಸವಿಯುದ್ದಕ್ಕೂ ದೇಶದ ಮಿಕ್ಕೆಲ್ಲಾ ಕಡೆಗಳಲ್ಲಿ ರೋಗವು ಹಬ್ಬಿ, ಲಕ್ಷಾಂತರ ಮಂದಿ ನರಳುತ್ತಿದ್ದಾಗ ಲಕ್ಷದ್ವೀಪದಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟದೆ ಜನರು ಬೀದಿಯಲ್ಲಿ ನಡೆದರು. ಮದುವೆಗಳು ವಾಡಿಕೆಯಂತೆ ನಡೆದವು. ಶಾಲೆಗಳನ್ನು ತೆರೆಯಲು ಅಪ್ಪಣೆಯಾಗಬೇಕೆಂದು ಆ ವರ್ಷದ ನಡುವಿನಲ್ಲಿಯೇ ಕೇಂದ್ರ ಸರಕಾರವನ್ನು ಕೇಳಿಕೊಂಡರು. ನಮ್ಮ ತರಗತಿಗಳು ಬೀಗ ಹಾಕಿಕೊಂಡು, ಮಕ್ಕಳು ಮನೆಯ ಮೂಲೆಯಲ್ಲಿ ಸಣ್ಣ ಯಂತ್ರದ ಮುಂದೆ ಕುಳಿತಿದ್ದ ಆ ತಿಂಗಳುಗಳನ್ನು ನೆನಪಿಸಿಕೊಂಡರೆ ಇದು ಎಂಥ ಭಾಗ್ಯವೆಂದು ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಇದರ ಬೆಲೆಯನ್ನು ಕೊಟ್ಟವರು ಯಾರೆಂಬುದನ್ನು ಮರೆಯಬಾರದು. ಕೊಚ್ಚಿಯ ಒಂದು ಕೋಣೆಯಲ್ಲಿ ಏಳು ದಿನ, ಮನೆಗೆ ಮುಟ್ಟಿದ ಮೇಲೆ ಹದಿನಾಲ್ಕು, ಒಟ್ಟಿಗೆ ಇಪ್ಪತ್ತೊಂದು ದಿನ. ದಿನಗೂಲಿಯವನಿಗೆ ಇದು ತಿಂಗಳ ಹೆಚ್ಚಿನ ಪಾಲು. ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆಂದು ಕೇಳಿದ ಮಗಳಿಗೆ ಏಳನೆಯ ದಿನವೆಂಬುದು ಎಷ್ಟು ದೂರ! ರೋಗಿಗಳಾಗಿ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೂ ಪರಸ್ಥಳದಲ್ಲಿ ಕಾಯಬೇಕಾಯಿತು. ಪ್ರವಾಸಿಗಳಿಂದ ಜೀವನ ಮಾಡುವವರ ಆದಾಯವು ನಿಂತೇಹೋಯಿತು. ಪ್ರತ್ಯೇಕವೆಂಬ ಶಬ್ದಕ್ಕೆ ಆ ದ್ವೀಪಗಳಲ್ಲಿ ಹಳೆಯ ಕಹಿ ನೆನಪೂ ಉಂಟು. ಮಿನಿಕಾಯಿಯ ಪಕ್ಕದ ವಿರಿಂಗಿಲಿ ಎಂಬ ಪುಟ್ಟ ನಡುಗಡ್ಡೆಗೆ ಹಿಂದಿನ ಕಾಲದಲ್ಲಿ ಕುಷ್ಠರೋಗಿಗಳನ್ನು ಕಳುಹಿಸಿಬಿಡುತ್ತಿದ್ದರು. ಅಲ್ಲಿ ಅವರ ಬಾಳು ಬಹು ದಾರುಣವಾದದ್ದು. ಮರಳಿ ಬರುವ ದಿನವೇ ಇಲ್ಲದ ಆ ವಾಸಕ್ಕೂ ಎಣಿಸಿ ಮುಗಿಯುವ ದಿನಗಳುಳ್ಳ ಈ ವಾಸಕ್ಕೂ ಹೆಸರು ಒಂದೇ ಆದರೂ ಜಾತಿ ಬೇರೆ. ಪ್ರತ್ಯೇಕವಾಸದಲ್ಲಿರುವವರಿಗೆ ಊಟ, ಔಷಧ, ಮನೆಯವರ ಸಂಗಡ ಮಾತಾಡುವ ಅನುಕೂಲ ಇವು ದಾನವಲ್ಲ, ನಿಯಮದ ಅಂಗಗಳೇ ಎಂದು ನಾವು ತಿಳಿಯುತ್ತೇವೆ; ಯಾಕಂದರೆ ಅವರು ಅಲ್ಲಿ ಕುಳಿತಿರುವುದು ತಮ್ಮ ಪ್ರಯೋಜನಕ್ಕಾಗಿ ಅಲ್ಲ.

2020ರ ಡಿಸೆಂಬರಿನ ಕೊನೆಯಲ್ಲಿ ನಿಯಮವನ್ನು ಬದಲಾಯಿಸಿದರು. ಕೊಚ್ಚಿಯಲ್ಲಿ ಏಳು ದಿನ ಕಾಯಬೇಕೆಂಬುದು ಹೋಗಿ, ಪ್ರಯಾಣಕ್ಕೆ ಮುಂಚಿನ 48 ಗಂಟೆಗಳೊಳಗೆ ಮಾಡಿಸಿದ ಪರೀಕ್ಷೆಯಲ್ಲಿ ಸೋಂಕಿಲ್ಲವೆಂಬ ಕಾಗದವಿದ್ದರೆ ಸಾಕೆಂದಾಯಿತು. ಜನರ ಜೀವನೋಪಾಯಕ್ಕೂ ಪ್ರವಾಸಿಗಳ ಬರವಿಗೂ ಇದು ಅವಶ್ಯವೆಂಬುದು ಆಡಳಿತದವರ ವಾದ. ಮೇಲೆ ಹೇಳಿದ ಕಷ್ಟಗಳನ್ನು ನೋಡಿದರೆ ಅದು ತೀರ ಹುರುಳಿಲ್ಲದ ವಾದವಲ್ಲ. ದ್ವೀಪದವರಲ್ಲಿ ಅನೇಕರು ಇದನ್ನು ವಿರೋಧಿಸಿದರು. ಕೊಚ್ಚಿಯಿಂದ ಜನವರಿ 4ರಂದು ಹಡಗಿನಲ್ಲಿ ಕವರತ್ತಿಗೆ ಬಂದಿದ್ದ ಒಬ್ಬನಿಗೆ 2021ರ ಜನವರಿ 18ರಂದು ಸೋಂಕಿರುವುದು ಗೊತ್ತಾಯಿತು. ಅದೇ ಲಕ್ಷದ್ವೀಪದ ಮೊದಲನೆಯ ರೋಗ.

ಇಲ್ಲಿ ಒಂದು ತಾರೀಕನ್ನು ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ದೇಶದಲ್ಲಿ ಕೋವಿಡಿಗೆ ಲಸಿಕೆ ಹಾಕುವ ಕಾರ್ಯವು ಆರಂಭವಾದದ್ದು 2021ರ ಜನವರಿ 16ರಂದು. ಮೊದಲು ಆಸ್ಪತ್ರೆಗಳ ಕೆಲಸದವರಿಗೆ. ಮಾರ್ಚಿನಲ್ಲಿ ಅರುವತ್ತು ವರ್ಷ ದಾಟಿದವರಿಗೆ. ಏಪ್ರಿಲಿನಲ್ಲಿ ನಾಲ್ವತ್ತೈದು ದಾಟಿದವರಿಗೆ. ಮೇ ತಿಂಗಳಲ್ಲಿ ಹದಿನೆಂಟು ದಾಟಿದವರೆಲ್ಲರಿಗೆ. ಹತ್ತು ತಿಂಗಳು ಕಾದು ಕೂಡಿಸಿದ ರಕ್ಷಣೆಯನ್ನು, ಯಾವುದಕ್ಕಾಗಿ ಕಾದಿದ್ದರೋ ಅದು ಬರುವುದಕ್ಕೆ ಕೆಲವೇ ವಾರಗಳ ಮುಂಚೆ, ಕೈಬಿಟ್ಟಂತಾಯಿತು. ಪ್ರತ್ಯೇಕವಾಸವು ರೋಗವನ್ನು ಕೊಲ್ಲುವುದಿಲ್ಲ. ಅದು ಸಮಯವನ್ನು ಕೊಂಡುಕೊಡುತ್ತದೆ. ಆ ಸಮಯದಲ್ಲಿ ಜನರ ಮೈಗೆ ಬೇರೊಂದು ರಕ್ಷಣೆ ಬಂದರೆ ಬಾಗಿಲನ್ನು ತೆರೆಯಬಹುದು. 1918ರ ಸಾಮೋವದವರು ಕಾದಿದ್ದರೂ ಅವರಿಗೆ ಲಸಿಕೆಯೆಂಬುದು ಇರಲಿಲ್ಲ. ಜ್ವರವು ಲೋಕದಲ್ಲಿ ತಾನಾಗಿ ತಗ್ಗುವ ತನಕ ಕಾಯುವುದೊಂದೇ ಉಪಾಯವಾಗಿತ್ತು. 2021ರ ದ್ವೀಪವಾಸಿಗಳಿಗಾದರೋ ಲಸಿಕೆಯು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು.

ಏಪ್ರಿಲಿನಲ್ಲಿ ದೇಶವನ್ನೆಲ್ಲಾ ಬಡಿದ ಎರಡನೆಯ ಅಲೆಯು ದ್ವೀಪಗಳನ್ನೂ ಬಿಡಲಿಲ್ಲ. ಆ ತಿಂಗಳ ಕೊನೆಯ ವಾರದಲ್ಲಿ ನೌಕಾಪಡೆಯ ಶಾರದಾ ಎಂಬ ಹಡಗು ಪ್ರಾಣವಾಯುವಿನ 35 ಸಿಲಿಂಡರುಗಳನ್ನು ಕೊಚ್ಚಿಯಿಂದ ಕವರತ್ತಿಗೆ ಒಯ್ದಿತು. ಬರಿದಾದ ಸಿಲಿಂಡರುಗಳು ತುಂಬಿಸಿಕೊಳ್ಳುವುದಕ್ಕಾಗಿ ಸಮುದ್ರ ದಾಟಿ ಕೊಚ್ಚಿಗೆ ಬರಬೇಕಾಗಿತ್ತು. ಮೇ ತಿಂಗಳು ಮುಗಿಯುವಷ್ಟರಲ್ಲಿ ರೋಗ ತಗಲಿದವರ ಲೆಕ್ಕವು ಆರು ಸಾವಿರವನ್ನು ದಾಟಿತ್ತು. ಮಹಾಮಾರಿಯ ಕೊನೆಯ ತನಕದ ಲೆಕ್ಕವನ್ನು ಹಿಡಿದರೆ ಸುಮಾರು 11,400 ಮಂದಿಗೆ, ಎಂದರೆ ಆರು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಸೋಂಕು ತಗಲಿ, 52 ಮಂದಿ ತೀರಿಕೊಂಡರು. ಲೋಕದ ಲೆಕ್ಕದಲ್ಲಿ 52 ಸಣ್ಣ ಸಂಖ್ಯೆಯೇ; ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲ ದ್ವೀಪಗಳಲ್ಲಿ ಅದು ಸಣ್ಣದಲ್ಲ. ಹಳೆಯ ನಿಯಮವೇ ಮುಂದುವರಿದಿದ್ದರೆ ಒಬ್ಬರೂ ಸಾಯುತ್ತಿರಲಿಲ್ಲವೆಂದು ನಾವು ಹೇಳುವುದಿಲ್ಲ. ಅಷ್ಟು ಬಲವಾದ ಅಲೆಯು ಯಾವ ಬೇಲಿಯನ್ನಾದರೂ ಒಂದು ದಿನ ಹಾರೀತು. ಆದರೆ ನಾಲ್ಕೈದು ತಿಂಗಳು ತಡವಾಗಿ ಹಾರಿದ್ದರೆ, ಮುದುಕರ ತೋಳಿಗೆ ಲಸಿಕೆಯ ಸೂಜಿಯು ಮೊದಲು ಮುಟ್ಟುತ್ತಿತ್ತೆಂಬುದು ನಮ್ಮ ಅಭಿಪ್ರಾಯ.

ಹಾಗೆ ಕಾದ ದ್ವೀಪಗಳೂ ಉಂಟೆಂಬುದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇವೆ. ಪೆಸಿಫಿಕ್ ಸಾಗರದ ಕುಕ್ ದ್ವೀಪಗಳವರ ಜೀವನವು ಲಕ್ಷದ್ವೀಪದವರಿಗಿಂತಲೂ ಹೆಚ್ಚಾಗಿ ಪ್ರವಾಸಿಗಳನ್ನೇ ನಂಬಿಕೊಂಡಿರುವಂಥದು. ಆದರೂ ಅವರು 2020ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿ, ರೋಗವು ಹತೋಟಿಯಲ್ಲಿದ್ದ ನ್ಯೂಜಿಲೆಂಡಿನವರಿಗೆ ಮಾತ್ರ 2021ರಲ್ಲಿ ಕೆಲವು ತಿಂಗಳು ತೆರೆದು, ಅಲ್ಲಿ ರೋಗವು ಕಾಣಿಸಿದ ಕೂಡಲೆ ಪುನಃ ಮುಚ್ಚಿದರು. ಲಸಿಕೆಗೆ ತಕ್ಕ ಪ್ರಾಯದವರೊಳಗೆ ನೂರಕ್ಕೆ ತೊಂಭತ್ತಕ್ಕೂ ಹೆಚ್ಚು ಮಂದಿಗೆ ಲಸಿಕೆಯಾದ ಮೇಲೆ, 2022ರ ಜನವರಿಯಲ್ಲಿ ಬಾಗಿಲು ತೆರೆದರು. ರೋಗವು ಬಂದೇ ಬಂತು. ಸಾವಿರಾರು ಮಂದಿಗೆ ತಗಲಿತು. ಆದರೆ ಸತ್ತವರು ಬೆರಳೆಣಿಕೆಯಷ್ಟೇ. ಆ ಎರಡು ವರ್ಷ ಅವರು ಹೇಗೆ ಬದುಕಿದರೆಂದರೆ, ಕೆಲಸ ಕಳೆದುಕೊಂಡವರ ಕೂಲಿಗೆ ಸರಕಾರವು ಹಣ ಕೊಟ್ಟಿತು. ಆ ಸರಕಾರಕ್ಕೆ ನ್ಯೂಜಿಲೆಂಡಿನವರು ಹಣ ಕೊಟ್ಟರು. ಬಾಗಿಲನ್ನು ಮುಚ್ಚಿಡುವುದಕ್ಕೆ ಖರ್ಚುಂಟು, ಆ ಖರ್ಚನ್ನು ಹೊರಗಿನವರು ವಹಿಸಿಕೊಂಡರು.

ಲಕ್ಷದ್ವೀಪದ ವಿಷಯದಲ್ಲಿಯೂ ನಮಗೆ ತೋರುವುದೇನಂದರೆ, ದಿನಗಳನ್ನು ಇಟ್ಟುಕೊಂಡು ಕಷ್ಟವನ್ನು ತಗ್ಗಿಸುವ ದಾರಿಗಳಿದ್ದವು. ಏಳು ದಿನಗಳ ಕೂಲಿಯನ್ನು ತುಂಬಿಕೊಡುವುದು, ಗರ್ಭಿಣಿಯರಿಗೂ ಶಸ್ತ್ರಚಿಕಿತ್ಸೆಯಾದವರಿಗೂ ಆಸ್ಪತ್ರೆಯ ಹತ್ತಿರ ಬೇರೆ ವಸತಿ, ಸಾಯುವವರನ್ನು ನೋಡಬೇಕಾದವರಿಗೆ ದ್ವೀಪದಲ್ಲಿ ಕಟ್ಟುನಿಟ್ಟಾದ ಬೇರೆ ಏರ್ಪಾಡು, ಪ್ರವಾಸಿಗಳಿಗೆ ಮಾತ್ರ ಇನ್ನೂ ಕೆಲವು ತಿಂಗಳ ತಡೆ. ಇವುಗಳಿಗೆ ಹಣ ಬೇಕಾಗುತ್ತಿತ್ತು. ಆದರೆ ಅರುವತ್ತನಾಲ್ಕು ಸಾವಿರ ಜನರ ಖರ್ಚು ಇಷ್ಟು ದೊಡ್ಡ ದೇಶಕ್ಕೆ ಹೊರಲಾರದ ಹೊರೆಯಾಗುತ್ತಿತ್ತೆಂದು ನಾವು ಎಣಿಸುವುದಿಲ್ಲ.

ಮಹಾಮಾರಿಯು ಕಳೆದ ಮೇಲೆ ಆ ಕಾಲದ ಪರೀಕ್ಷೆ, ಪ್ರತ್ಯೇಕವಾಸ ಮೊದಲಾದ ಕಟ್ಟಳೆಗಳು ಹೋದವು. ಪ್ರವೇಶಪತ್ರದ ಹಳೆಯ ನಿಯಮವು ಉಳಿದುಕೊಂಡಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಆ ದ್ವೀಪಗಳನ್ನು ನೋಡಲು ಹೊರಟರೆ ಹಡಗಿನ ಚೀಟಿಗಿಂತ ಮುಂಚೆ ಅದನ್ನು ಪಡೆದುಕೊಳ್ಳಬೇಕು.